ಗಾಜಿನ ಮನೆಯ ಒಕ್ಕಲು

ನಿವೃತ್ತನಾದ ಮೇಷ್ಟರ ಮನೆಗೆ ಬಂದವರು ತಪ್ಪದೆ ಕೇಳುವ ಪ್ರಶ್ನೆ, “ಈಗ ಹೊತ್ತು ಹೇಗೆ ಕಳೆಯುತ್ತೀರಿ?” ಎಂಬುದು. ಪುಸ್ತಕ ಓದುತ್ತೇನೆಂದರೆ ಅವರಿಗೆ ಸಮಾಧಾನವಾಗದು. ಅದು ನಾನು ಮೊದಲೂ ಮಾಡುತ್ತಿದ್ದ ಕೆಲಸವೇ. ಆದುದರಿಂದ ಈಚೆಗೆ ನಾನು ಎದ್ದು, ಹಜಾರದ ಮೂಲೆಯಲ್ಲಿರುವ ಗಾಜಿನ ತೊಟ್ಟಿಯನ್ನು ತೋರಿಸುತ್ತೇನೆ. ಅದರಲ್ಲಿ ಹದಿನಾಲ್ಕು ಮೀನುಗಳಿವೆ. ಬಂದವರು ಸ್ವಲ್ಪ ಹೊತ್ತು ನೋಡಿ, “ನಾವೂ ತಂದಿದ್ದೆವು, ಎಲ್ಲ ಸತ್ತುಹೋದವು” ಎನ್ನುತ್ತಾರೆ. ಈ ಮಾತನ್ನು ಕೇಳಿ ಕೇಳಿ, ಅವು ಏಕೆ ಸಾಯುತ್ತವೆ, ಬದುಕಬೇಕಾದರೆ ನಾವೇನು ಮಾಡಬೇಕು ಎಂಬುದನ್ನು ಹತ್ತು ನಿಮಿಷ ಹೇಳಬಹುದೆಂದು ನನಗೆ ತೋರಿತು. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಕನ್ನಡ ಪಾಠ ಹೇಳಿದವನು. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ನನ್ನ ಕೈಯಲ್ಲಿಯೂ ಸತ್ತಿವೆ.

ಮೂರು ವರ್ಷಗಳ ಹಿಂದೆ, ಏಳು ವರ್ಷದ ನನ್ನ ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಎರಡು ಅಡಿ ಉದ್ದದ ಒಂದು ತೊಟ್ಟಿಯನ್ನು ತಂದೆ. ಅಂಗಡಿಯವನು ಕೇಳಿದ, “ಯಾವುದು ಕೊಡಲಿ ಸಾರ್?” ಮೊಮ್ಮಗ ಬೆರಳು ತೋರಿದ್ದನ್ನೆಲ್ಲ ನಾನು ಹೂಂ ಎಂದೆ. ಎರಡು ಚಿನ್ನದ ಮೀನು, ಎರಡು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಒಂದು ಫೈಟರ್. ಜೊತೆಗೆ, ಗಾಜನ್ನು ತಾನೇ ಶುಚಿಮಾಡುವುದೆಂಬ ಭರವಸೆಯ ಮೇಲೆ ಒಂದು ಸಕ್ಕರ್ ಮೀನು. ಅದೇ ಸಂಜೆ ತೊಟ್ಟಿಗೆ ನಲ್ಲಿಯ ನೀರು ತುಂಬಿ, ಹತ್ತು ಜೀವಗಳನ್ನೂ ಅದರಲ್ಲಿ ಬಿಟ್ಟೆವು. ನಾಲ್ಕನೆಯ ದಿನ ಫೈಟರಿನ ರೇಷ್ಮೆಯಂಥ ರೆಕ್ಕೆಗಳು ಚಿಂದಿಯಾಗಿದ್ದುವು. ಆರನೆಯ ದಿನ ಚಿನ್ನದ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದುವು. ಗಾಬರಿಯಿಂದ ನಾನು ಎಲ್ಲ ನೀರನ್ನೂ ಚೆಲ್ಲಿ, ಕಲ್ಲು, ಸ್ಪಂಜುಗಳನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಹೊಸ ನೀರು ತುಂಬಿದೆ. ಹತ್ತನೆಯ ದಿನಕ್ಕೆ ಉಳಿದದ್ದು ಸಕ್ಕರ್ ಒಂದೇ.

ನನ್ನಾಕೆ, “ಮೂವತ್ತು ವರ್ಷ ಹುಡುಗರಿಗೆ ಪಾಠಕ್ಕೆ ಮುಂಚೆ ಓದಿಕೊಂಡು ಬನ್ನಿ ಎಂದಿರಿ, ಮೀನು ತರುವುದಕ್ಕೆ ಮುಂಚೆ ನೀವು ಓದಬೇಡವೆ?” ಎಂದಳು. ಅದನ್ನು ನಾನು ಸಹಿಸಿಕೊಂಡೆ. ಆದರೆ ಮೊಮ್ಮಗ, “ತಾತ, ಅವು ಯಾಕೆ ಸತ್ತವು?” ಎಂದಾಗ, “ಅವುಗಳ ಆಯುಸ್ಸು ಅಷ್ಟೇ ಇತ್ತಪ್ಪ” ಎಂದುಬಿಟ್ಟೆ. ಅವನು ಸ್ವಲ್ಪ ಯೋಚಿಸಿ, “ಅಂಗಡೀಲೇ ಬಿಟ್ಟಿದ್ರೆ ಬದುಕಿರ್ತಿದ್ವಾ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರಕ್ಕಾಗಿ ಓದತೊಡಗಿದೆ.

ಮೊದಲು ತಿಳಿದದ್ದು, ಮೀನನ್ನು ಸಾಕುವುದೆಂದರೆ ನೀರನ್ನು ಸಾಕುವುದು ಎಂಬುದು. ಮೀನು ತಿಂದದ್ದರ ಕಶ್ಮಲವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕವೇ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಉಳಿದು ಕೊಳೆತ ಆಹಾರದಿಂದಲೂ ಅದೇ ಅಮೋನಿಯಾ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. ಐವತ್ತು ಲೀಟರಿನ ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅದು ಮೀನಿಗೆ ವಿಷ. ನೀರು ಕಣ್ಣಿಗೆ ಸ್ಫಟಿಕದಂತೆ ತಿಳಿಯಾಗಿದ್ದಾಗಲೂ ವಿಷವೇ. ಪ್ರಕೃತಿ ಇದಕ್ಕೊಂದು ಪರಿಹಾರವನ್ನು ಇಟ್ಟಿದೆ. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇದೂ ವಿಷವೇ. ಬೇರೆ ಕೆಲವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದು ಅಷ್ಟು ಅಪಾಯಕಾರಿಯಲ್ಲ. ಗಿಡಗಳು ಸ್ವಲ್ಪ ಹೀರಿಕೊಳ್ಳುತ್ತವೆ, ಮಿಕ್ಕದ್ದು ನಾವು ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ತಳದ ಕಲ್ಲುಗಳ ಮೇಲೆ ಮನೆ ಮಾಡಿಕೊಳ್ಳುತ್ತವೆ. ಆದರೆ ಹೊಸ ತೊಟ್ಟಿಯಲ್ಲಿ ಅವು ಬೇಕಾದಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಆದುದರಿಂದ ತೊಟ್ಟಿಯನ್ನು ಮೊದಲು ತಂದು, ಮೀನನ್ನು ತಿಂಗಳೊಂದು ಕಳೆದ ಮೇಲೆ ತರಬೇಕು. ಈ ನಡುವೆ ಫಿಲ್ಟರು ಹಗಲಿರುಳು ಓಡುತ್ತಿರಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತಿರಬೇಕು. ಪರಿಚಿತರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಒಂದು ತುಂಡು ಸ್ಪಂಜನ್ನು ತಂದು ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್‌ಗಳನ್ನು ಬಣ್ಣದಿಂದ ತೋರಿಸುವ ಪರೀಕ್ಷೆಯ ದ್ರವಗಳು ಸಿಗುತ್ತವೆ. ಎರಡೂ ಸೊನ್ನೆಗೆ ಇಳಿದ ಮೇಲೆ ಮನೆ ಸಿದ್ಧವಾಯಿತೆಂದು ತಿಳಿಯಬಹುದು. ನಾನು ಆರನೆಯ ದಿನ ತಿಕ್ಕಿ ತೊಳೆದದ್ದು ಕೊಳೆಯನ್ನಲ್ಲ, ಆಗತಾನೇ ಹುಟ್ಟುತ್ತಿದ್ದ ಆ ರಕ್ಷಕರನ್ನು. ನಲ್ಲಿಯ ನೀರಿನ ಕ್ಲೋರಿನ್ ಉಳಿದ ಕೆಲಸವನ್ನು ಮುಗಿಸಿರಬೇಕು. ಕ್ಲೋರಿನ್ ಹೋಗಲು ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡಬೇಕು, ಇಲ್ಲವೆ ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಹರಳನ್ನು ಅಳತೆಯರಿತು ಹಾಕಬೇಕು.

ಇನ್ನು ಒಕ್ಕಲುಗಳ ವಿಚಾರ. ನಮ್ಮ ಪ್ರಾಚೀನರು ‘ಮತ್ಸ್ಯನ್ಯಾಯ’ ಎಂಬ ಮಾತನ್ನು ಬಳಸಿದರು. ದಂಡಧರನಾದ ಅರಸನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದರು ಬಡವರನ್ನು ನುಂಗುತ್ತಾರೆಂಬುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಬರುವ ವಿಚಾರ. ರಾಜನೀತಿಗೆ ಅದು ಉಪಮೆ. ತೊಟ್ಟಿಯಲ್ಲಿ ಅದು ಅಕ್ಷರಶಃ ಸತ್ಯ. ಒಂದರ ಬಾಯಿಯಲ್ಲಿ ಹಿಡಿಸುವಷ್ಟು ಚಿಕ್ಕದಾದದ್ದು ಅದರ ಆಹಾರವೇ. ಏಂಜೆಲ್ ಮೀನು ನೋಡಲು ದೇವಕನ್ಯೆಯಂತಿದ್ದರೂ, ಬೆಳೆದ ಮೇಲೆ ಕಡ್ಡಿಯಂಥ ನಿಯಾನ್ ಟೆಟ್ರಾಗಳನ್ನು ನುಂಗಬಲ್ಲುದು. ನುಂಗುವುದು ಒಂದು ಬಗೆಯಾದರೆ ಕಾಡುವುದು ಇನ್ನೊಂದು ಬಗೆ. ಟೈಗರ್ ಬಾರ್ಬ್ ಗುಂಪಿನಲ್ಲಿ ಬಾಳುವ ಮೀನು. ಆರೆಂಟಾದರೂ ಇದ್ದರೆ ತಮ್ಮತಮ್ಮಲ್ಲೇ ಜಗಳವಾಡಿಕೊಂಡಿರುತ್ತವೆ; ಕಡಮೆಯಾದರೆ ಅನ್ಯರ ಉದ್ದ ರೆಕ್ಕೆಗಳನ್ನು ಕಚ್ಚತೊಡಗುತ್ತವೆ. ಥೈಲೆಂಡಿನ ಕಡೆಯ ಫೈಟರ್ ಇದಕ್ಕೆ ವಿರುದ್ಧ. ಎರಡು ಗಂಡುಗಳು ಎದುರಾದರೆ ಯುದ್ಧವೇ. ಅದು ಒಂಟಿಯಾಗಿರುವುದೇ ಮೇಲು.

ಮೂರನೆಯದು ಹವೆ. ಚಿನ್ನದ ಮೀನು ಚೀನಾದವರು ಸಾವಿರ ವರ್ಷಗಳ ಹಿಂದೆ ಕಾರ್ಪ್ ಜಾತಿಯಿಂದ ಬೆಳೆಸಿ ತಂದದ್ದು. ಅದಕ್ಕೆ ತಂಪು ನೀರು ಹಿತ; ಏಂಜೆಲ್, ಫೈಟರುಗಳಿಗೆ ಬೆಚ್ಚನೆಯ ನೀರು ಹಿತ. ಅದೂ ಅಲ್ಲದೆ ಅದು ತಿನ್ನುವುದೂ ಹೆಚ್ಚು, ಕಶ್ಮಲ ಮಾಡುವುದೂ ಹೆಚ್ಚು. ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷ ಮೀರಿ ಬದುಕುತ್ತದೆ. ಚಲನಚಿತ್ರಗಳಲ್ಲಿ ಮೇಜಿನ ಮೇಲೆ ಕಾಣುವ ದುಂಡು ಗಾಜಿನ ಬುರುಡೆ ಅದರ ಮನೆಯಲ್ಲ, ಸೆರೆಮನೆ. ಗಾಜು ನೆಕ್ಕುವ ಸಕ್ಕರ್ ಕೂಡ ಒಂದಡಿಗೂ ಮೀರಿ ಬೆಳೆಯುತ್ತದೆ. ಸಾಕಲಾರದೆ ಜನ ಅದನ್ನು ಕೆರೆಗೆ ಬಿಟ್ಟಿದ್ದರಿಂದ, ಮೂಲತಃ ದಕ್ಷಿಣ ಅಮೆರಿಕದ ಈ ಜಾತಿ ಇಂದು ನಮ್ಮ ನಾಡಿನ ನೀರುಗಳಲ್ಲಿ ಹಬ್ಬಿ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ತೊಟ್ಟಿಯ ಮೀನನ್ನು ಎಂದಿಗೂ ಕೆರೆಗೆ ಬಿಡಬಾರದು. ನನ್ನ ಸಕ್ಕರನ್ನು ದೊಡ್ಡ ತೊಟ್ಟಿಯಿದ್ದ ಗೆಳೆಯರೊಬ್ಬರಿಗೆ ಒಪ್ಪಿಸಿದೆ.

ನಾಲ್ಕನೆಯದು ನೀರಿನ ಗುಣ. ಕೊಳವೆಬಾವಿಯ ನೀರು ನಮ್ಮಲ್ಲಿ ಹೆಚ್ಚಾಗಿ ಗಡಸು. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾಗಳಿಗೆ ಅದು ಒಗ್ಗದು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ನೀರಿಗೆ ತಕ್ಕ ಮೀನನ್ನು ಆರಿಸುವುದು ಸುಲಭ. ಮೀನಿಗೆ ತಕ್ಕಂತೆ ನೀರನ್ನು ತಿದ್ದುವುದು ಹೊಸಬರ ಕೆಲಸವಲ್ಲ.

ಹಾಗಾದರೆ ಯಾರನ್ನು ಕರೆತರಬೇಕು? ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ನಾನು ಕಂಡುಕೊಂಡ ಕುಟುಂಬ ಇದು. ಮೇಲ್ಭಾಗದಲ್ಲಿ ಓಡಾಡಲು ಆರು ಜೀಬ್ರಾ ಮೀನು. ನಡುವೆ ನಾಲ್ಕು ಪ್ಲಾಟಿ. ತಳದಲ್ಲಿ ಮೀಸೆ ಹೊತ್ತ ಪುಟ್ಟ ಕೋರಿಡೋರಾಸ್ ಐದು. ಒಬ್ಬರ ಅಂತಸ್ತಿಗೆ ಇನ್ನೊಬ್ಬರು ಬರುವುದು ಕಡಮೆ. ಸುಮಾರು 24 ಡಿಗ್ರಿ ಸೆಲ್ಷಿಯಸ್ ಉಷ್ಣತೆ ಮೂವರಿಗೂ ಹಿತ. ಪ್ಲಾಟಿ ಮರಿ ಹಾಕುವ ಜಾತಿ. ಹೆಣ್ಣು ಅಂಗಡಿಯಲ್ಲೇ ಗರ್ಭ ಧರಿಸಿ ಬಂದಿರಬಹುದಾದ್ದರಿಂದ ಗಂಡುಗಳನ್ನೇ ಆರಿಸುವುದು ಕ್ಷೇಮ. ಗಂಡಿನ ಹೊಟ್ಟೆಯಡಿಯ ಹಿಂಬದಿ ರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ, ಹೆಣ್ಣಿನದು ಬೀಸಣಿಗೆಯಂತೆ ಬಿಚ್ಚಿರುತ್ತದೆ. ಎಲ್ಲರನ್ನೂ ಒಂದೇ ದಿನ ತರದೆ, ಎರಡೆರಡು ವಾರ ಬಿಟ್ಟು ಒಂದೊಂದು ಗುಂಪನ್ನು ತರಬೇಕು. ಜಾಗವಿದೆಯಲ್ಲಾ ಎಂದು ಇನ್ನೊಂದಿಷ್ಟು ಸೇರಿಸಬಾರದು; ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಜೀಬ್ರಾ ಮೀನಿನ ವಿಷಯದಲ್ಲಿ ಒಂದು ಮಾತು. ಇದು ನಮ್ಮ ದೇಶದ್ದೇ. 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಯಾರು ಈತ? ಟೀಪುವಿನ ಪತನಾನಂತರ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿ, ಬೆಳೆ, ಕಸುಬು, ಜಾತಿಗಳನ್ನೆಲ್ಲ ಬರೆದಿಟ್ಟ ಬುಕಾನನ್ ಈತನೇ. ಮುಂದೆ ತಾಯಿಯ ಮನೆತನದ ಹೆಸರನ್ನು ಇಟ್ಟುಕೊಂಡ. ಚರಿತ್ರೆಯ ಪುಟದಲ್ಲಿ ಪರಿಚಿತನಾದವನು ತೊಟ್ಟಿಯ ಗಾಜಿನಾಚೆಯಿಂದ ಮತ್ತೆ ಎದುರಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ರೋಗಗಳ ಅಧ್ಯಯನಕ್ಕೆ ಬಳಸುವುದು ಇದೇ ಅಂಗುಲದೆರಡಂಗುಲದ ಮೀನನ್ನು.

ಮೀನಿಗೆ ಉಣಿಸುವ ವಿದ್ಯೆಯೂ ನಮಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ, ಯಾವ ಮೀನಿಗೆ ಯಾವ ಉಣಿಸು ಎಂಬುದನ್ನು ಅರಸ ವಿವರಿಸುತ್ತಾನೆ. ಆದರೆ ಅವನ ವಿನೋದ ಮುಗಿಯುವುದು ಗಾಳದಲ್ಲಿ. ಗಾಳವಿಲ್ಲದ ನಾವು ಅತಿಯಾಗಿ ಉಣಿಸಿಯೇ ಕೊಲ್ಲುತ್ತೇವೆ. ಎರಡು ಮೂರು ನಿಮಿಷಗಳಲ್ಲಿ ಮುಗಿಯುವಷ್ಟು ಆಹಾರ ದಿನಕ್ಕೆ ಒಂದೆರಡು ಸಲ ಸಾಕು. ವಾರಕ್ಕೊಂದು ಏಕಾದಶಿ ಮಾಡಿಸಿದರೂ ಬಾಧಕವಿಲ್ಲ. ಕೋರಿಡೋರಾಸ್‌ಗಳಿಗೆ ಮಾತ್ರ ಮುಳುಗುವ ಗುಳಿಗೆಯನ್ನು ಬೇರೆಯಾಗಿ ಹಾಕಬೇಕು. ಅವು ಎಂಜಲು ಬಳಿಯುವ ಆಳುಗಳಲ್ಲ.

ಉಳಿದ ಆರೈಕೆ ಸರಳ. ವಾರಕ್ಕೊಮ್ಮೆ ಐದನೆಯ ಒಂದು ಪಾಲಿನಿಂದ ಕಾಲು ಪಾಲು ನೀರನ್ನಷ್ಟೇ ಬದಲಿಸಬೇಕು. ಸ್ಪಂಜನ್ನು ಹಾಗೆ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಬೇಕು. ತೊಟ್ಟಿ ಬಿಸಿಲು ಬೀಳದ ಜಾಗದಲ್ಲಿ, ಅರ್ಧ ಕ್ವಿಂಟಲಿಗೂ ಮೀರಿದ ಭಾರವನ್ನು ತಡೆಯುವ ಮೇಜಿನ ಮೇಲಿರಬೇಕು. ತಂದ ಚೀಲವನ್ನು ಕಾಲು ಗಂಟೆ ತೇಲಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಬೆರೆಸಿ, ಬಳಿಕ ಮೀನನ್ನು ಮಾತ್ರ ಬಿಡಬೇಕು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆಗಳಿರುವ ಮೀನು ಅಂಗಡಿಯ ತೊಟ್ಟಿಯಲ್ಲಿ ಒಂದಿದ್ದರೂ, ಆ ತೊಟ್ಟಿಯಿಂದ ಏನನ್ನೂ ಕೊಳ್ಳಬಾರದು.

ಇಷ್ಟನ್ನು ಓದಿದ ಮೇಲೆ ಒಂದು ದಿನ ಮೊಮ್ಮಗನನ್ನು ಕೂರಿಸಿಕೊಂಡು, “ಅಂದು ನಾನು ಹೇಳಿದ್ದು ನಿಜವಲ್ಲ. ಅವು ನನ್ನ ಅಜ್ಞಾನದಿಂದ ಸತ್ತವು” ಎಂದೆ. ಅವನು ಹೆಚ್ಚೇನೂ ಹೇಳಲಿಲ್ಲ. ಖಾಲಿ ತೊಟ್ಟಿಯ ಮುಂದೆ ಐದು ವಾರ ಇಬ್ಬರೂ ಕಾದೆವು. ಪರೀಕ್ಷೆಯ ನೀರಿನ ಬಣ್ಣವನ್ನು ಅವನೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ.

ಕಳೆದ ತಿಂಗಳು, ಎರಡೂವರೆ ವರ್ಷ ನಮ್ಮೊಡನಿದ್ದ ಒಂದು ಪ್ಲಾಟಿ ಸತ್ತಿತು. ಹುಡುಗನ ಕಣ್ಣು ತುಂಬಿತು. ಆದರೂ ಮೊದಲು ಹೋಗಿ ನೀರನ್ನು ಪರೀಕ್ಷಿಸಿದ. ಉಳಿದವುಗಳ ರೆಕ್ಕೆ, ಮೈ ಎಲ್ಲ ನೋಡಿದ. ಎಲ್ಲವೂ ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಇದಕ್ಕೆ ಆಯುಸ್ಸು ಅಷ್ಟೇ ಇತ್ತು, ತಾತ” ಎಂದ. ಹಿತ್ತಲಿನ ದಾಸವಾಳದ ಬುಡದಲ್ಲಿ ಅದನ್ನು ಹೂತು ಬಂದು, ಉಳಿದ ಹದಿನಾಲ್ಕಕ್ಕೆ ಸಂಜೆಯ ಆಹಾರ ಹಾಕಿದೆವು.