ನಿಮಗಿದು ಗೊತ್ತೆ? ಐದು ಅಂತಸ್ತಿನ ಹೆದ್ದಾರಿ ಜಂಕ್ಷನ್

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಎರಡು ಹೆದ್ದಾರಿಗಳು ಸೇರುವ ಕಡೆ ರಸ್ತೆಗಳು ಒಂದರ ಮೇಲೊಂದರಂತೆ ಐದು ಅಂತಸ್ತುಗಳಲ್ಲಿ ಸಾಗುತ್ತವೆ. ಹಾಗಾಗಿಯೇ ಇದರ ಹೆಸರು ‘ಹೈ ಫೈವ್’.

* ಯುಎಸ್ 75 ಮತ್ತು ಅಂತರರಾಜ್ಯ ಹೆದ್ದಾರಿ 635 ಇಲ್ಲಿ ಕೂಡುತ್ತವೆ. ಮೊದಲು ಇಲ್ಲಿದ್ದದ್ದು ಸುರುಳಿ ರಸ್ತೆಗಳಿದ್ದ ಹಳೆಯ ಜಂಕ್ಷನ್. ನಗರ ಬೆಳೆದಂತೆ ಅದು ವಾಹನ ದಟ್ಟಣೆಯನ್ನು ತಾಳಲಾರದಾಯಿತು.

* ಸುರುಳಿ ರಸ್ತೆಯ ತೊಡಕೇನು? ಹೆದ್ದಾರಿಗೆ ಬರುವವರು ಮತ್ತು ಅಲ್ಲಿಂದ ಇಳಿಯುವವರು ಒಂದೇ ಚಿಕ್ಕ ಜಾಗದಲ್ಲಿ ಪರಸ್ಪರ ಅಡ್ಡ ಹಾಯಬೇಕು. ವಾಹನ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ, ಅಪಘಾತದ ಭಯ ಹೆಚ್ಚುತ್ತದೆ.

* ಹೊಸ ವಿನ್ಯಾಸದಲ್ಲಿ ನೇರ ಹೋಗುವವರಿಗೂ ತಿರುಗುವವರಿಗೂ ಬೇರೆ ಬೇರೆ ಮಟ್ಟದ ದಾರಿಗಳಿವೆ. ಎಡಕ್ಕೆ ಹೋಗಬೇಕಾದವರು ಬಲಕ್ಕೆ ಸುತ್ತಿ ಬರಬೇಕಿಲ್ಲ. ಎತ್ತರದ ರ‍್ಯಾಂಪ್ ಹಿಡಿದು ನೇರವಾಗಿ ಎಡಕ್ಕೆ ಹೊರಳಬಹುದು.

* 2002ರಲ್ಲಿ ಶುರುವಾದ ಕಾಮಗಾರಿ 2005ರಲ್ಲಿ ಮುಗಿಯಿತು. ವೆಚ್ಚ ಸುಮಾರು 26 ಕೋಟಿ ಡಾಲರ್. ಅತಿ ಎತ್ತರದ ರ‍್ಯಾಂಪ್ ಸುಮಾರು 12 ಮಹಡಿಯ ಕಟ್ಟಡದಷ್ಟು ಮೇಲಿದೆ.

* ಕೆಲಸ ನಡೆಯುವಾಗಲೂ ಹೆದ್ದಾರಿಯನ್ನು ಪೂರ್ತಿ ಮುಚ್ಚಿಡುವಂತಿರಲಿಲ್ಲ. ಹಾಗಾಗಿ ವಾಹನಗಳು ಸಾಗುತ್ತಿರುವಾಗಲೇ ಹೊಸ ಸೇತುವೆಗಳನ್ನು ಎಬ್ಬಿಸಲಾಯಿತು.

* ಇಲ್ಲಿ ಹಿಂದೆ ಇದ್ದಂಥ ಸುರುಳಿ ಜಂಕ್ಷನ್ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದದ್ದು 1929ರಲ್ಲಿ, ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ. ಮೇಲಿನಿಂದ ನೋಡಿದರೆ ನಾಲ್ಕು ಎಸಳಿನ ಕ್ಲೋವರ್ ಎಲೆಯಂತೆ ಕಾಣುವುದರಿಂದ ಅದಕ್ಕೆ ‘ಕ್ಲೋವರ್‌ಲೀಫ್’ ಎಂಬ ಹೆಸರು.

ಜಂಕ್ಷನ್ನಿನ ದಟ್ಟಣೆ ಇಳಿಸಲು ರಸ್ತೆ ಅಗಲಿಸಿದರಷ್ಟೇ ಸಾಲದು. ಒಂದು ದಾರಿಯ ವಾಹನ ಇನ್ನೊಂದರ ದಾರಿಗೆ ಅಡ್ಡ ಬರದಂತೆ ಮಾಡಬೇಕು ಎಂಬುದಕ್ಕೆ ಹೈ ಫೈವ್ ಕಣ್ಣೆದುರಿನ ಸಾಕ್ಷಿ.