ಬ್ಯಾನರ್‌ನಲ್ಲಿ ಹೆಸರಿದೆ, ಸಮಿತಿಯಲ್ಲಿ ಜಾಗವಿದೆಯೇ?

ನಾರ್ಥಾಂಪ್ಟನ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಪುಟ್ಟ ನಗರ. ಲೆಸ್ಬಿಯನ್ ಮಹಿಳೆಯರು ಧೈರ್ಯವಾಗಿ ಬದುಕು ಕಟ್ಟಿಕೊಂಡ ಊರೆಂದು ಅದಕ್ಕೆ ಹೆಸರಿದೆ. ಅಲ್ಲಿನ ಪ್ರೈಡ್ ಮೆರವಣಿಗೆಯ ಹೆಸರಿಗೆ 1989ರಲ್ಲಿ ‘ಬೈಸೆಕ್ಷುಯಲ್’ (ದ್ವಿಲಿಂಗಿ) ಎಂಬ ಪದ ಸೇರಿತು. ಮರುವರ್ಷವೇ ಅದು ಕಾಣೆಯಾಯಿತು. ಅದನ್ನು ತೆಗೆಸಿದ್ದು ಚರ್ಚಿನವರಲ್ಲ, ಸರ್ಕಾರವೂ ಅಲ್ಲ. ಮೆರವಣಿಗೆ ನಡೆಸುತ್ತಿದ್ದ ಸಮುದಾಯದವರೇ. ದ್ವಿಲಿಂಗಿಗಳನ್ನೂ ಸೇರಿಸಿಕೊಂಡರೆ ಕಷ್ಟಪಟ್ಟು ಗಳಿಸಿದ ಗುರುತು ಮಸುಕಾದೀತು ಎಂಬ ಅಂಜಿಕೆ ಹಲವರಲ್ಲಿತ್ತು.

ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವುಳ್ಳವರು ದ್ವಿಲಿಂಗಿಗಳು. ಇವರಿಗೆ ಎರಡೂ ಕಡೆಯ ಮಾತು ತಪ್ಪಿದ್ದಲ್ಲ. ‘ಇದು ವಯಸ್ಸಿನ ಚಪಲ, ಮದುವೆಯಾದರೆ ಸರಿಹೋಗುತ್ತೆ’ ಎನ್ನುತ್ತಾರೆ ಮನೆಯವರು. ‘ನಾಳೆ ಮದುವೆಯಾಗಿ ನಮ್ಮನ್ನು ಬಿಟ್ಟುಹೋಗುವವರು’ ಎನ್ನುತ್ತಾರೆ ಸಲಿಂಗಿಗಳ ಸಂಘದವರು. ಹೆಣ್ಣಿನ ಜೊತೆಗಿದ್ದರೆ ಗಂಡಸು ಎಲ್ಲರಂತೆ. ಗಂಡಿನ ಜೊತೆಗಿದ್ದರೆ ಗೇ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅವನ ಗುರುತನ್ನು ಬೇರೆಯವರೇ ತೀರ್ಮಾನಿಸಿಬಿಡುತ್ತಾರೆ.

ಆದರೆ ಸಲಿಂಗಿಗಳ ಹಕ್ಕಿನ ಚಳವಳಿಗೆ ದ್ವಿಲಿಂಗಿಗಳು ತಡವಾಗಿ ಬಂದ ನೆಂಟರಲ್ಲ. ಆ ಚಳವಳಿಗೆ ಕಿಡಿ ಹೊತ್ತಿಸಿದ ಸ್ಟೋನ್‌ವಾಲ್ ಪ್ರತಿಭಟನೆಯ ಮೊದಲ ವಾರ್ಷಿಕೋತ್ಸವಕ್ಕೆ, 1970ರ ಜೂನ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ನಡೆದ ಮೆರವಣಿಗೆಯ ಸಂಘಟಕರಲ್ಲಿ ಬ್ರೆಂಡಾ ಹೋವರ್ಡ್ ಒಬ್ಬರು. ‘ಪ್ರೈಡ್‌ನ ತಾಯಿ’ ಎಂದು ಇಂದು ಕರೆಸಿಕೊಳ್ಳುವ ಅವರು ದ್ವಿಲಿಂಗಿ. ದುಡಿಮೆಯಲ್ಲಿ ದ್ವಿಲಿಂಗಿಗಳಿಗೆ ಮೊದಲಿನಿಂದಲೂ ಪಾಲಿತ್ತು; ಹೆಸರಿನಲ್ಲಿ ಪಾಲು ಸಿಗಲು ದಶಕಗಳೇ ಬೇಕಾದವು.

1987ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಮೆರವಣಿಗೆಯ ಹೆಸರಲ್ಲಿ ಲೆಸ್ಬಿಯನ್, ಗೇ ಎಂಬ ಎರಡೇ ಪದಗಳಿದ್ದವು. ದ್ವಿಲಿಂಗಿಗಳ ತಂಡವಾಗಿ ಅಂದು ಹೆಜ್ಜೆ ಹಾಕಿದವರು ಸುಮಾರು 75 ಮಂದಿ. ಅಲ್ಲಿ ಬೆಳೆದ ಪರಿಚಯದಿಂದಲೇ ದೇಶವ್ಯಾಪಿ ಸಂಘಟನೆ ಬೆಳೆಯಿತು. 1993ರ ಮೆರವಣಿಗೆಯ ಹೊತ್ತಿಗೆ ಆ ತಂಡ ಸಾವಿರ ದಾಟಿತ್ತು, ಹೆಸರಿನಲ್ಲಿ ‘ಬೈ’ ಸೇರಿತ್ತು, ವೇದಿಕೆಯಿಂದ ದ್ವಿಲಿಂಗಿ ಹೋರಾಟಗಾರ್ತಿ ಲಾನಿ ಕಾಅಹುಮಾನು ಮಾತನಾಡಿದ್ದರು. ಸ್ಥಳೀಯ ಸಮಿತಿಗಳಲ್ಲಿ ಕೂತು ಪಟ್ಟುಹಿಡಿದವರಿಂದ ಆದ ಕೆಲಸ ಅದು. 1998ರಲ್ಲಿ ಹೋರಾಟಗಾರ ಮೈಕೆಲ್ ಪೇಜ್ ಗುಲಾಬಿ, ನೇರಳೆ, ನೀಲಿ ಪಟ್ಟಿಗಳ ಬಾವುಟ ರೂಪಿಸಿದರು. ಮರುವರ್ಷದಿಂದ ಸೆಪ್ಟೆಂಬರ್ 23 ದ್ವಿಲಿಂಗಿಗಳ ದಿನವಾಯಿತು.

ಬಾವುಟ ಬಂದಮೇಲೆ ಮುಜುಗರ ಹೋಯಿತೇ? ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಪ್ರಕಟಿಸಿದ ಸಮೀಕ್ಷೆ ನೋಡಿ. ತಮ್ಮ ಬದುಕಿನ ಮುಖ್ಯ ವ್ಯಕ್ತಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಒಲವಿನ ವಿಷಯ ಗೊತ್ತಿದೆ ಎಂದವರು ಗೇ ಪುರುಷರಲ್ಲಿ ಶೇ 77, ಲೆಸ್ಬಿಯನ್ನರಲ್ಲಿ ಶೇ 71. ದ್ವಿಲಿಂಗಿಗಳಲ್ಲಿ ಬರೀ ಶೇ 28. ಇತ್ತ ‘ಅವರು ಬರುವುದೇ ಇಲ್ಲ’ ಎಂದು ಸಂಘಗಳು ಗೊಣಗುತ್ತವೆ. ಬಂದವರನ್ನು ‘ಮೊದಲು ಯಾವ ಕಡೆ ಅಂತ ತೀರ್ಮಾನ ಮಾಡ್ಕೊ’ ಎಂದು ಕಳಿಸಿದರೆ ಮತ್ತೆ ಬರುವುದಾದರೂ ಯಾಕೆ?

ನಮ್ಮಲ್ಲಿ ಬೆಂಗಳೂರಿನ ನಮ್ಮ ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪಿನಿಂದ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಾಗಿದೆ. ಕಾನೂನಿನ ಭಯ ತಗ್ಗಿದ ಮೇಲೂ ಸಂಘದೊಳಗಿನ ಅನುಮಾನ ಉಳಿದರೆ ಅದಕ್ಕೆ ಕೋರ್ಟು ಮದ್ದಲ್ಲ.

ಸಂಘಗಳು ಮಾಡಬೇಕಾದ್ದು ಸರಳ. ಆಪ್ತಸಮಾಲೋಚನೆಗೆ ಬಂದ ವಿವಾಹಿತ ದ್ವಿಲಿಂಗಿಗಳನ್ನು ಮೋಸಗಾರರಂತೆ ನೋಡುವುದು ಬೇಡ. ಸಭೆಗೆ ಬಂದವರ ಸಂಗಾತಿ ಗಂಡೋ ಹೆಣ್ಣೋ ಎಂದು ನೋಡಿ ಅವರ ಗುರುತು ಅಳೆಯುವುದು ಬೇಡ. ಪದಾಧಿಕಾರಿಗಳ ಆಯ್ಕೆಯಲ್ಲಿ, ಅನುದಾನ ಹಂಚುವಾಗ, ಭಾಷಣಕಾರರನ್ನು ಕರೆಯುವಾಗ ದ್ವಿಲಿಂಗಿಗಳನ್ನು ಮರೆಯದಿದ್ದರೆ ಸಾಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಮೊದಲ ವಿಷಯವಾಗಿ ಸೇರಿಸಿ.