ಮಾತ್ರೆಯ ಲೆಕ್ಕವಿಡುವ ಫೋನು: ಪರೀಕ್ಷೆ ಯಾರಿಗೆ?



ಕ್ಷಯರೋಗವು ಇಂದು ವಾಸಿಯಾಗದ ಕಾಯಿಲೆಯಲ್ಲ. ಆದರೆ ಅದು ಪೂರ್ಣವಾಗಿ ಗುಣವಾಗಲು ಸಾಮಾನ್ಯವಾಗಿ ಆರು ತಿಂಗಳ ಕಾಲ ಪ್ರತಿದಿನವೂ ಔಷಧಿ ಸೇವಿಸುವುದು ಅತ್ಯಾವಶ್ಯಕ. ಒಂದೆರಡು ತಿಂಗಳಲ್ಲಿ ಕೆಮ್ಮು ತಗ್ಗಿ, ಹಸಿವು ಹೆಚ್ಚಿದೊಡನೆ ರೋಗ ಹೋಯಿತೆಂದು ಭಾವಿಸಿ ಮಾತ್ರೆಯನ್ನು ನಿಲ್ಲಿಸುವವರುಂಟು. ಹೀಗೆ ಮಾಡಿದಲ್ಲಿ ಅಳಿಯದೆ ಉಳಿದ ರೋಗಾಣುಗಳು ಮರಳಿ ವೃದ್ಧಿಯಾಗುವುದಲ್ಲದೆ, ಔಷಧಿಗೆ ಜಗ್ಗದಂತೆಯೂ ಆಗಬಹುದು. ಆದಕಾರಣ ಸೇವಿಸಿದ ಮಾತ್ರೆಯ ಲೆಕ್ಕವಿಡುವುದು ರೋಗಿಗೂ ವೈದ್ಯರಿಗೂ ಅಗತ್ಯ. ಹಿಂದೆ ಚಿಕಿತ್ಸಾ ಚೀಟಿಯಲ್ಲಿ ಮಾತ್ರ ಇಡುತ್ತಿದ್ದ ಈ ಲೆಕ್ಕವನ್ನು ಇಂದು ಮೊಬೈಲ್ ಫೋನಿನಲ್ಲಿಯೂ ಇಡಲಾಗುತ್ತಿದೆ.

ಬೆಂಗಳೂರಿನಲ್ಲಿ ರೂಪುಗೊಂಡ ಉಪಾಯ

೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಗೊಂಡ ಬೆಂಗಳೂರಿನಲ್ಲಿಯೇ, ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು '೯೯ಡಾಟ್ಸ್' ಎಂಬ ವಿಧಾನವನ್ನು ರೂಪಿಸಿದರು. ಮಾತ್ರೆಗಳ ಪಟ್ಟಿಗೆ ಒಂದು ಕಾಗದದ ಕವಚವಿರುತ್ತಿತ್ತು. ಮಾತ್ರೆಯನ್ನು ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ದೂರವಾಣಿ ಸಂಖ್ಯೆ ಕಾಣುತ್ತಿತ್ತು. ರೋಗಿಯು ಆ ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಿದರೆ ಅಂದಿನ ಮಾತ್ರೆ ದಾಖಲಾಗುತ್ತಿತ್ತು. ಇದಕ್ಕೆ ದುಬಾರಿ ಫೋನು ಬೇಕಿರಲಿಲ್ಲ, ಅಕ್ಷರಜ್ಞಾನವೂ ಹೆಚ್ಚು ಬೇಕಿರಲಿಲ್ಲ.

ಉಪಾಯವು ಜಾಣತನದ್ದೇ ಸರಿ. ಆದರೆ ಮುಂಬಯಿಯ ರೋಗಿಗಳಲ್ಲಿ ಈ ಕರೆಗಳ ಲೆಕ್ಕವನ್ನು ಮೂತ್ರಪರೀಕ್ಷೆಯೊಡನೆ ಹೋಲಿಸಿ ನೋಡಿದ, ೨೦೨೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ಅನೇಕ ವೇಳೆ ತಾಳೆಯಾಗಲಿಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರಿದ್ದರು; ಲೆಕ್ಕದಲ್ಲಿ ಸರಿಯಿದ್ದರೂ ಮೂತ್ರದಲ್ಲಿ ಔಷಧಿ ಕಾಣದವರೂ ಇದ್ದರು. ಕರೆಯ ಲೆಕ್ಕವೇ ಬೇರೆ, ಹೊಟ್ಟೆ ಸೇರಿದ ಮಾತ್ರೆಯ ಲೆಕ್ಕವೇ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಬಳಕೆಯ ಪರೀಕ್ಷೆ ಎಂದರೇನು?

ಇಂತಹ ಸಾಧನವನ್ನಾಗಲಿ, ಆ್ಯಪನ್ನಾಗಲಿ ಎಲ್ಲರಿಗೂ ಕೊಡುವ ಮುನ್ನ ಕೆಲವರ ಕೈಗಿತ್ತು ನೋಡಬೇಕು. "ಇಂದಿನ ಮಾತ್ರೆ ತೆಗೆದುಕೊಂಡಿದ್ದೀರಿ, ಅದನ್ನು ಇದರಲ್ಲಿ ಗುರುತು ಮಾಡಿ" ಎಂದು ಹೇಳಿ, ಪರೀಕ್ಷಿಸುವವರು ಸುಮ್ಮನೆ ಕುಳಿತು ಗಮನಿಸುತ್ತಾರೆ. ಬೆರಳು ಎಲ್ಲಿ ತಡೆಯಿತು, ಯಾವ ಪದ ಅರ್ಥವಾಗಲಿಲ್ಲ, ಯಾವ ಗುರುತು ದಾರಿ ತಪ್ಪಿಸಿತು ಎಂಬುದನ್ನು ಬರೆದುಕೊಳ್ಳುತ್ತಾರೆ. ಇಲ್ಲಿ ಪರೀಕ್ಷೆಗೊಳಗಾಗುವುದು ಸಾಧನವೇ ಹೊರತು ತಾವಲ್ಲ. ತಮಗೆ ತಿಳಿಯದಿದ್ದರೆ ತಪ್ಪು ಸಾಧನದ್ದು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮನೆಯ ಪ್ರತಿಯೊಬ್ಬರ ಬಳಿಯೂ ಫೋನಿರುವುದುಂಟು. ಅಲ್ಲಿ ಸುಲಭವೆನಿಸಿದ್ದು ಹಳ್ಳಿಯಲ್ಲಿ ಕಷ್ಟವಾಗಬಹುದು. ಮನೆಗೆ ಒಂದೇ ಫೋನು, ಅದೂ ಯಜಮಾನರ ಜೇಬಿನಲ್ಲಿ ಹೊಲಕ್ಕೆ ಹೋಗಿದೆ ಎಂದು ಭಾವಿಸಿ. ಗೃಹಿಣಿಯು ಬೆಳಿಗ್ಗೆ ತಪ್ಪದೆ ಮಾತ್ರೆ ನುಂಗಿದರೂ ಆ ದಿನದ ಮನೆ ಖಾಲಿ ಉಳಿಯುತ್ತದೆ. ಆದುದರಿಂದ ಪರೀಕ್ಷೆಯು ಹಳ್ಳಿಯ ಮನೆಯಲ್ಲಿಯೂ ನಡೆಯತಕ್ಕದ್ದು.

ವೈದ್ಯರೂ ಈ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಖಾಲಿ ಮನೆಯನ್ನು ಕಂಡು, ಮಾತ್ರೆ ತಪ್ಪಿತೋ ಅಥವಾ ಫೋನು ಸಿಗಲಿಲ್ಲವೋ ಎಂದು ವಿಚಾರಿಸದೆ ರೋಗಿಯನ್ನು ಗದರಿಸಿದರೆ, ಆತನು ಮುಂದೆ ನಿಜ ಹೇಳಲಾರನು. ಖಾಲಿ ಮನೆಯು ವಿಚಾರಿಸಲು ಕಾರಣವೇ ವಿನಾ ದೂಷಿಸಲು ಅಲ್ಲ.

ಲೆಕ್ಕ ಸರಿಯಿದ್ದರೂ ಎಚ್ಚರ

ದಂಪತಿಗಳು ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್, ಮಾಲಾ-ಎನ್ ಮುಂತಾದ ನುಂಗುವ ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನು ಕುಂದಿಸುತ್ತದೆ. ಪತ್ನಿಯು ಎರಡನ್ನೂ ಒಂದು ದಿನವೂ ತಪ್ಪದೆ ಸೇವಿಸಿ, ಫೋನಿನಲ್ಲಿ ಎರಡೂ ಸರಿಯಾಗಿ ದಾಖಲಾಗಿದ್ದರೂ ಗರ್ಭ ನಿಲ್ಲುವ ಸಂಭವವುಂಟು. ಹೀಗೆಂದು ಕ್ಷಯದ ಔಷಧಿಯನ್ನು ನಿಲ್ಲಿಸಲೇಬಾರದು. ಚಿಕಿತ್ಸೆಯ ಅವಧಿಯಲ್ಲಿಯೂ ಅದು ಮುಗಿದ ಮೇಲೆ ನಾಲ್ಕು ವಾರಗಳವರೆಗೂ ನಿರೋಧ್ ಬಳಸಬಹುದು; ಅಥವಾ ವೈದ್ಯರು ತಪಾಸಣೆ ಮಾಡಿ ಸೂಕ್ತವೆಂದಲ್ಲಿ ವಂಕಿಯನ್ನು ಹಾಕಿಸಿಕೊಳ್ಳಬಹುದು. ದಿನಗಳನ್ನು ಮಾತ್ರ ಎಣಿಸುವ ಸಾಧನ ಈ ಮಾತನ್ನು ಹೇಳದು. ವೈದ್ಯರೊಡನೆ ಬಾಯಿಬಿಟ್ಟು ಮಾತನಾಡಿದಾಗಲೇ ಇದು ತಿಳಿಯುವುದು.

ನೆನಪಿನಲ್ಲಿಡಬೇಕಾದ ಅಂಶಗಳು

೧. ಫೋನು ಕೆಟ್ಟರೂ ಮಾತ್ರೆ ನಿಲ್ಲಬಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಶಾ ಕಾರ್ಯಕರ್ತೆಗೆ ತೋರಿಸಿ.

೨. ನುಂಗದ ಮಾತ್ರೆಯನ್ನು ನುಂಗಿದೆನೆಂದು ದಾಖಲಿಸಬೇಡಿ. ವಾಕರಿಕೆ, ಕಣ್ಣು ಹಳದಿಯಾಗುವುದು, ದೃಷ್ಟಿ ಮಂದವಾಗುವುದು ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣಿ.

೩. ತಾವು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಗರ್ಭನಿರೋಧಕವೂ ಸೇರಿದಂತೆ, ವೈದ್ಯರಿಗೆ ತಿಳಿಸಿ.

೪. ಬಳಕೆಯ ಪರೀಕ್ಷೆಗೆ ಕರೆದಾಗ ಪತಿ ಪತ್ನಿ ಇಬ್ಬರೂ ಹೋಗಿ, ಕಷ್ಟವೆನಿಸಿದ್ದನ್ನು ಸಂಕೋಚವಿಲ್ಲದೆ ಹೇಳಿ. ಪರದೆಯ ಮೇಲೆ ರೋಗದ ಹೆಸರು ಇತರರಿಗೆ ಕಾಣುವಂತಿದ್ದರೆ ಅದನ್ನೂ ತಿಳಿಸಿ.

ಪತ್ನಿಯ ಮಾತ್ರೆಯನ್ನು ಪತಿಯೂ, ಪತಿಯ ಮಾತ್ರೆಯನ್ನು ಪತ್ನಿಯೂ ನೆನಪಿಸುವ ಮನೆಯಲ್ಲಿ ಫೋನು ಒಳ್ಳೆಯ ಸಹಾಯಕನಾಗುತ್ತದೆ. ಆ ಕಾಳಜಿಯಿಲ್ಲದೆಡೆ ಅದು ಬರಿಯ ಲೆಕ್ಕದ ಪುಸ್ತಕವಾಗಿಯೇ ಉಳಿಯುತ್ತದೆ.